ಪ್ರೋಟೋಬಫ್: ಕಂಪೈಲರ್ ಒಂದು ದಿಕ್ಕು, ಪೈಥಾನ್ ಒಂದು ದಿಕ್ಕು, ಚಿಂತಾಮಣಿ ನೋಡ್ ಮಾತ್ರ ಡಿಕೋಡ್ ಆಗ್ತಿಲ್ಲ

ಹುಳುಮನೆ_ಶಿಡ್ಲಘಟ್ಟ (ಪ್ರಶ್ನೆ)

ಶಿಡ್ಲಘಟ್ಟ, ಚಿಂತಾಮಣಿ, ಕೋಲಾರ, ಮಾಲೂರು ಕಡೆಯ ರೇಷ್ಮೆ ಹುಳು ಮನೆಗಳಲ್ಲಿ ಉಷ್ಣಾಂಶ, ತೇವಾಂಶ ಅಳೆಯೋ ನೋಡ್‌ಗಳನ್ನ (ಸೆನ್ಸರ್ ಇರೋ ಸಣ್ಣ ಬೋರ್ಡ್) ಜೇಸನ್‌ನಿಂದ (ಡೇಟಾವನ್ನ ಓದೋ ಅಕ್ಷರದಲ್ಲೇ ಬರೆಯೋ ರೀತಿ) ಪ್ರೋಟೋಬಫ್‌ಗೆ (ಸ್ಕೀಮಾ ನೋಡಿ ಡೇಟಾವನ್ನ ಕೆಲವೇ ಬೈಟ್‌ಗೆ ಅಡಕ ಮಾಡೋ ರೀತಿ) ಬದಲಾಯಿಸೋ ಕೆಲಸ ನಡೀತಿದೆ. ನೋಡ್‌ನಲ್ಲಿ ಇಎಸ್‌ಪಿ32 ಚಿಪ್, ಅದರ ಮೇಲೆ ನ್ಯಾನೋಪಿಬಿ (ಸಣ್ಣ ಚಿಪ್‌ಗೆ ಅಂತ ಇರೋ ಪ್ರೋಟೋಬಫ್ ಲೈಬ್ರರಿ). ಗೇಟ್‌ವೇ (ನೋಡ್‌ಗಳಿಂದ ತಗೊಂಡು ಸರ್ವರ್‌ಗೆ ಕಳಿಸೋದು) ರಾಸ್ಪ್‌ಬೆರಿ ಪೈ 4, ಅದರಲ್ಲಿ ಬುಕ್‌ವರ್ಮ್ ಲಿನಕ್ಸ್. ಸರ್ವರ್ ಉಬುಂಟು 22.04, ಪೈಥಾನ್ 3.10. ಚಾಕಿ (ಮರಿ ಹುಳು) ಹಂತದಲ್ಲಿ 27ರಿಂದ 28 ಡಿಗ್ರಿ, ತೇವಾಂಶ ಶೇಕಡಾ 85ರಿಂದ 90 ಇರಬೇಕು; ಅದರಿಂದ ಆಚೆ ಹೋದ್ರೆ ರೈತರಿಗೆ ಮೆಸೇಜ್ ಹೋಗಬೇಕು. ಹಾಗಾಗಿ ಒಂದು ರೀಡಿಂಗೂ ತಪ್ಪೋ ಹಾಗಿಲ್ಲ.

ಸ್ಕೀಮಾ (ಯಾವ ಫೀಲ್ಡ್‌ಗೆ ಯಾವ ನಂಬರ್, ಯಾವ ಟೈಪ್ ಅನ್ನೋ ಪಟ್ಟಿ) ಹೀಗಿದೆ. ಫೈಲಲ್ಲಿ ಇಂಗ್ಲಿಷಲ್ಲೇ ಇದೆ, ಇಲ್ಲಿ ಓದೋಕೆ ಅಂತ ಕನ್ನಡ ಅಕ್ಷರದಲ್ಲಿ ಹಾಕಿದ್ದೀನಿ (ಹಮ್ ಅಂದ್ರೆ ತೇವಾಂಶ, ಆರ್‌ಎಸ್‌ಎಸ್‌ಐ ಅಂದ್ರೆ ಸಿಗ್ನಲ್ ಬಲ):

ಸಿಂಟ್ಯಾಕ್ಸ್ = "ಪ್ರೋಟೋ3";
ಮೆಸೇಜ್ ರೀಡಿಂಗ್ {
  ಯುಇಂಟ್32 ನೋಡ್ = 1;
  ಆಪ್ಷನಲ್ ಇಂಟ್32 ಟೆಂಪ್ = 2;  // 27.5 ಡಿಗ್ರಿ ಅಂದ್ರೆ 275
  ಆಪ್ಷನಲ್ ಯುಇಂಟ್32 ಹಮ್ = 3;
  ಇಂಟ್32 ಆರ್‌ಎಸ್‌ಎಸ್‌ಐ = 4;
  ಸ್ಟ್ರಿಂಗ್ ಊರು = 5;
}

ಸಮಸ್ಯೆ ನಾಲ್ಕು.

1. ಸರ್ವರ್‌ನಲ್ಲಿ ಆಪ್ಟ್‌ನಿಂದ (ಉಬುಂಟುವಿನ ಪ್ಯಾಕೇಜ್ ಕಮಾಂಡ್) ಹಾಕಿದ ಪ್ರೋಟೋಸಿ (ಪ್ರೋಟೋಬಫ್ ಕಂಪೈಲರ್), ಆಪ್ಷನಲ್ ಇರೋ ಸಾಲು ನೋಡಿ "ಎಕ್ಸ್‌ಪರಿಮೆಂಟಲ್ ಅಲೌ ಪ್ರೋಟೋ3 ಆಪ್ಷನಲ್" ಫ್ಲ್ಯಾಗ್ ಕೊಟ್ಟಿಲ್ಲ ಅಂತ ನಿಲ್ಲುತ್ತೆ.

2. ಆ ಫ್ಲ್ಯಾಗ್ ಕೊಟ್ರೆ ಪೈಥಾನ್ ಫೈಲ್ ಹುಟ್ಟುತ್ತೆ, ಆದ್ರೆ ಇಂಪೋರ್ಟ್ ಮಾಡಿದ ಕೂಡಲೇ "ಡಿಸ್ಕ್ರಿಪ್ಟರ್ಸ್ ಕೆನಾಟ್ ಬಿ ಕ್ರಿಯೇಟೆಡ್ ಡೈರೆಕ್ಟ್ಲಿ". ಎರರ್‌ನಲ್ಲೇ ಹೇಳಿದ ಹಾಗೆ ಪ್ರೋಟೋಕಾಲ್_ಬಫರ್ಸ್_ಪೈಥಾನ್_ಇಂಪ್ಲಿಮೆಂಟೇಷನ್=ಪೈಥಾನ್ ಅಂತ ಎನ್ವಿರಾನ್‌ಮೆಂಟ್ ವೇರಿಯಬಲ್ ಇಟ್ರೆ ಓಡುತ್ತೆ. ಹಾಗೇ ಬಿಡಬಹುದಾ?

3. ಕೋಲಾರ, ಮಾಲೂರು ನೋಡ್‌ಗಳ ಮೆಸೇಜ್ ಸರಿಯಾಗಿ ಬಿಚ್ಚಿಕೊಳ್ಳುತ್ತೆ. ಚಿಂತಾಮಣಿ, ಶಿಡ್ಲಘಟ್ಟದ್ದು ಡಿಕೋಡ್‌ಎರರ್. ಫರ್ಮ್‌ವೇರ್ ಎಲ್ಲದರಲ್ಲೂ ಒಂದೇ. ನ್ಯಾನೋಪಿಬಿಯ ಆಪ್ಷನ್ಸ್ ಫೈಲಲ್ಲಿ ಊರಿಗೆ ಮ್ಯಾಕ್ಸ್_ಸೈಜ್ 24 ಇದೆ.

4. ನೆಟ್ ಹೋದಾಗ ಗೇಟ್‌ವೇ ಬಂದ ಮೆಸೇಜ್‌ಗಳನ್ನ ಒಂದು ಫೈಲ್‌ಗೆ ಸೇರಿಸ್ತಾ ಹೋಗುತ್ತೆ. ನೆಟ್ ಬಂದ್ಮೇಲೆ ಫೈಲ್ ಕಳಿಸಿದ್ರೆ ಸರ್ವರ್‌ನಲ್ಲಿ ಒಂದೇ ಒಂದು ರೀಡಿಂಗ್ ಕಾಣುತ್ತೆ, ಅದೂ ಕೊನೇದು. ಎರರ್ ಏನೂ ಬರಲ್ಲ.

---

ತುಮಕೂರ್_ಟರ್ಮಿನಲ್

ಮೊದಲ ಎರಡೂ ಒಂದೇ ಕಾಯಿಲೆ ಸರ್. ಪ್ರೋಟೋಬಫ್ ಅಂದ್ರೆ ಮೂರು ಬೇರೆ ಬೇರೆ ಸಾಮಾನು. ಕಂಪೈಲರ್ ಒಂದು (ಪ್ರೋಟೋಸಿ), ಅದು ಹುಟ್ಟಿಸೋ _ಪಿಬಿ2 ಫೈಲ್ ಒಂದು, ಆ ಫೈಲನ್ನ ಓಡಿಸೋ ಲೈಬ್ರರಿ ಒಂದು, ಅದು ಪಿಪ್‌ನಿಂದ (ಪೈಥಾನ್‌ನ ಪ್ಯಾಕೇಜ್ ಟೂಲ್) ಬರುತ್ತೆ. ನಿಮ್ಮಲ್ಲಿ ಕಂಪೈಲರ್ ಆಪ್ಟ್‌ನಿಂದ ಬಂತು, ಲೈಬ್ರರಿ ಪಿಪ್‌ನಿಂದ ಬಂತು. ಎರಡಕ್ಕೂ ಮುಖಪರಿಚಯವೇ ಇಲ್ಲ.

ಉಬುಂಟು 22.04ರ ಆಪ್ಟ್‌ನಲ್ಲಿರೋದು 3.12.4. ಪ್ರೋಟೋ3ಗೆ ಆಪ್ಷನಲ್ ಬಂದಿದ್ದೇ 3.12ರಲ್ಲಿ, ಅದೂ ಪರೀಕ್ಷೆಗೆ ಅಂತ ಫ್ಲ್ಯಾಗ್ ಹಿಂದೆ. ಫ್ಲ್ಯಾಗ್ ಇಲ್ಲದೆ ಒಪ್ಪೋದು 3.15ರಿಂದ. ಇನ್ನು ಪೈಥಾನ್ ಕಡೆ: 3.19ಕ್ಕಿಂತ ಹಳೇ ಪ್ರೋಟೋಸಿ ಹುಟ್ಟಿಸಿದ ಕೋಡ್, 4.21 ಅಥವಾ ಅದಕ್ಕಿಂತ ಹೊಸ ಲೈಬ್ರರಿ ಮೇಲೆ ಓಡಲ್ಲ. ನಿಮಗೆ ಬಂದಿರೋದು ಅದೇ ಎರರ್.

ಆ ಎನ್ವಿರಾನ್‌ಮೆಂಟ್ ವೇರಿಯಬಲ್ ಬೇಡ. ಅದು ಸಿ ಭಾಷೆಯಲ್ಲಿ ಬರೆದ ಯುಪಿಬಿ ಎಂಜಿನ್ ಬಿಟ್ಟು ಶುದ್ಧ ಪೈಥಾನ್ ಎಂಜಿನ್‌ಗೆ ತಿರುಗಿಸುತ್ತೆ. ಓಡುತ್ತೆ ನಿಜ, ಎತ್ತಿನಗಾಡಿ ವೇಗದಲ್ಲಿ. ಹಳೇ ಕೋಡ್ ಮತ್ತೆ ಹುಟ್ಟಿಸೋಕೆ ಆಗದೇ ಇರೋವಾಗ ಒಂದು ರಾತ್ರಿ ಕಳೆಯೋಕೆ ಸರಿ, ಅಷ್ಟೇ.

ನಂಬರ್ ಲೆಕ್ಕ ಒಮ್ಮೆ ತಲೆಗೆ ಹತ್ತಿದ್ರೆ ಮುಂದೆ ಗೊಂದಲ ಇಲ್ಲ. 2022ರಲ್ಲಿ ಪದ್ಧತಿ ಬದಲಾಯ್ತು, ಕಂಪೈಲರ್ 3.20 ಆದ್ಮೇಲೆ ನೇರ 21. ಪೈಥಾನ್ ಲೈಬ್ರರಿ ಆ ಅಂಕಿಯ ಮುಂದೆ ತನ್ನದೇ ಒಂದು ಅಂಕಿ ಅಂಟಿಸಿಕೊಳ್ತು. ಕಂಪೈಲರ್ 21ರಿಂದ 25 ಇದ್ರೆ ಪೈಥಾನ್ 4.21ರಿಂದ 4.25. ಕಂಪೈಲರ್ 26ರಿಂದ 29 ಇದ್ರೆ ಪೈಥಾನ್ 5.26ರಿಂದ 5.29. ಕಂಪೈಲರ್ 30ರಿಂದ ಪೈಥಾನ್ 6.30. ಲೈಬ್ರರಿ ಕೋಡ್‌ಗಿಂತ ಹೊಸದಿರಬಹುದು, ಅದೂ ಒಂದು ಮೇಜರ್ ಅಂತರದವರೆಗೆ. ಕೋಡ್ ಲೈಬ್ರರಿಗಿಂತ ಹೊಸದಿರೋ ಹಾಗೇ ಇಲ್ಲ.

ಸರ್ವರ್‌ನಲ್ಲಿ ಹೀಗೆ ಮಾಡಿ:

ಸುಡೋ ಆಪ್ಟ್ ರಿಮೂವ್ ಪ್ರೋಟೋಬಫ್-ಕಂಪೈಲರ್
ವಿಚ್ -ಎ ಪ್ರೋಟೋಸಿ

ಎರಡನೇ ಕಮಾಂಡ್‌ಗೆ ಏನೂ ಬರಬಾರದು. ಬಂದ್ರೆ ಇನ್ನೊಂದು ಎಲ್ಲೋ ಕೂತಿದೆ, ಮೊದಲು ಅದನ್ನ ತೆಗೀರಿ. ಲಿಬ್‌ಪ್ರೋಟೋಬಫ್23 ಅನ್ನೋ ಪ್ಯಾಕೇಜ್ ಮುಟ್ಟಬೇಡಿ, ಬೇರೆ ಪ್ರೋಗ್ರಾಂ ಅದನ್ನ ನೆಚ್ಚಿಕೊಂಡಿರಬಹುದು.

ಆಮೇಲೆ ಗಿಟ್‌ಹಬ್‌ನ ಪ್ರೋಟೋಬಫ್ ರಿಲೀಸ್ ಪುಟದಿಂದ ಪ್ರೋಟೋಸಿ-29.3-ಲಿನಕ್ಸ್-ಎಕ್ಸ್86_64 ಜಿಪ್ ಇಳಿಸಿ. ಪೈಗೆ ಲಿನಕ್ಸ್-ಆರ್ಚ್_64, ಅಂದ್ರೆ ಎಎಆರ್‌ಸಿಎಚ್ ಆದ್ಮೇಲೆ ಅಂಡರ್‌ಸ್ಕೋರ್, ಆಮೇಲೆ 64. ಆ ಅಂಡರ್‌ಸ್ಕೋರ್ ಬಿಟ್ಟು ಡಬ್ಲ್ಯುಗೆಟ್ ಹೊಡೆದ್ರೆ 404.

ಸುಡೋ ಅನ್‌ಜಿಪ್ (ಆ ಜಿಪ್ ಹೆಸರು) -ಡಿ /ಆಪ್ಟ್/ಪ್ರೋಟೋಸಿ-29.3
ಸುಡೋ ಎಲ್ಎನ್ -ಎಸ್ /ಆಪ್ಟ್/ಪ್ರೋಟೋಸಿ-29.3/ಬಿನ್/ಪ್ರೋಟೋಸಿ /ಯುಎಸ್ಆರ್/ಲೋಕಲ್/ಬಿನ್/ಪ್ರೋಟೋಸಿ
ಹ್ಯಾಶ್ -ಆರ್
ಪ್ರೋಟೋಸಿ --ವರ್ಷನ್

ಇಲ್ಲಿರೋ /ಆಪ್ಟ್ ಅನ್ನೋದು ಓಪಿಟಿ ಡೈರೆಕ್ಟರಿ, ಮೇಲಿನ ಆಪ್ಟ್ ಕಮಾಂಡ್ ಅಲ್ಲ. "ಲಿಬ್‌ಪ್ರೋಟೋಸಿ 29.3" ಅಂತ ಬರಬೇಕು. ಹ್ಯಾಶ್ -ಆರ್ ಕೊಡದಿದ್ರೆ ಬ್ಯಾಶ್ ಹಳೇ ದಾರಿ ನೆನಪಿಟ್ಟುಕೊಂಡು, ತೆಗೆದುಹಾಕಿದ ಫೈಲನ್ನೇ ಹುಡುಕುತ್ತೆ.

ಬಿನ್‌ನಲ್ಲಿರೋ ಒಂದು ಫೈಲ್ ಮಾತ್ರ ಕಾಪಿ ಮಾಡಬೇಡಿ. ಜಿಪ್‌ನಲ್ಲಿ ಇನ್‌ಕ್ಲೂಡ್ ಅಂತ ಇನ್ನೊಂದು ಡೈರೆಕ್ಟರಿ ಇದೆ, ಟೈಮ್‌ಸ್ಟ್ಯಾಂಪ್ ಥರದ ಸಿದ್ಧ ಟೈಪ್‌ಗಳು ಇರೋದು ಅಲ್ಲಿ. ಪ್ರೋಟೋಸಿ ತಾನು ಕೂತಿರೋ ಜಾಗದಿಂದ ಒಂದು ಮೆಟ್ಟಿಲು ಮೇಲೆ ಹೋಗಿ ಇನ್‌ಕ್ಲೂಡ್ ಹುಡುಕುತ್ತೆ. ಸಿಮ್‌ಲಿಂಕ್ ಇದ್ರೆ ನಿಜವಾದ ಜಾಗ ಹಿಡಿದುಕೊಳ್ಳುತ್ತೆ, ಒಂಟಿ ಕಾಪಿ ಆದ್ರೆ "ಟೈಮ್‌ಸ್ಟ್ಯಾಂಪ್ ಪ್ರೋಟೋ: ಫೈಲ್ ನಾಟ್ ಫೌಂಡ್". ಸುಡೋ ಹಾಕಿ ಬಿಚ್ಚಿದ ಮೇಲೆ ಬೇರೆ ಯೂಸರ್‌ಗೆ ಓದೋ ಪರ್ಮಿಷನ್ ಇದೆಯಾ ಅಂತಾನೂ ನೋಡಿ. ಇಲ್ಲದಿದ್ರೆ ರೂಟ್‌ಗೆ ಓಡುತ್ತೆ, ನಿಮಗೆ ಓಡಲ್ಲ.

ಪೈಥಾನ್ ಕಡೆ ವೆನ್ವ್ (ಈ ಕೆಲಸಕ್ಕೆ ಅಂತ ಬೇರೆ ಇಟ್ಟ ಪೈಥಾನ್ ಜಾಗ) ಮಾಡಿ ಅದರೊಳಗೆ ಪಿಪ್ ಇನ್‌ಸ್ಟಾಲ್ ಪ್ರೋಟೋಬಫ್==5.29.3. ಬುಕ್‌ವರ್ಮ್‌ನಲ್ಲಿ ವೆನ್ವ್ ಇಲ್ಲದೆ ಪಿಪ್ ಹೊಡೆದ್ರೆ "ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಎನ್ವಿರಾನ್‌ಮೆಂಟ್" ಅಂತ ಬಾಗಿಲು ಹಾಕುತ್ತೆ. ಬ್ರೇಕ್-ಸಿಸ್ಟಂ-ಪ್ಯಾಕೇಜಸ್ ಕೊಟ್ಟು ನುಗ್ಗೋಕೆ ಹೋಗಬೇಡಿ.

ಪೈನಲ್ಲಿ ಇನ್ನೊಂದು ಮೋಸ ಇದೆ. ಯುನೇಮ್ -ಎಂ ಕೊಟ್ಟಾಗ 64 ಬಿಟ್ ಅಂದ್ರೂ ಅದು ಕರ್ನಲ್ ಲೆಕ್ಕ. ಮೇಲಿರೋ ಸಿಸ್ಟಂ 32 ಬಿಟ್ ಇರಬಹುದು. ಡಿಪಿಕೆಜಿ --ಪ್ರಿಂಟ್-ಆರ್ಕಿಟೆಕ್ಚರ್ ಕೊಡಿ. ಆರ್ಮ್64 ಬಂದ್ರೆ ಮೇಲಿನ ಜಿಪ್ ನಡೆಯುತ್ತೆ. ಆರ್ಮ್‌ಎಚ್‌ಎಫ್ ಬಂದ್ರೆ ಸಿದ್ಧ ಜಿಪ್ ಇಲ್ಲ. ಬುಕ್‌ವರ್ಮ್ ಆಪ್ಟ್‌ನ 3.21.12 (ಮೇಲಿನ ಲೆಕ್ಕದಲ್ಲಿ 21.12) ಹಾಕ್ಕೊಂಡು ಪೈಥಾನ್ 4.21.12 ಜೊತೆ ನಡೆಸಿ. ಅಥವಾ ಪೈನಲ್ಲಿ ಕಂಪೈಲರ್ ಹಾಕಲೇಬೇಡಿ. ಸರ್ವರ್‌ನಲ್ಲಿ ಹುಟ್ಟಿಸಿದ _ಪಿಬಿ2 ಫೈಲ್ ಕಾಪಿ ಮಾಡಿದ್ರೆ ಸಾಕು, ಓಡಿಸೋಕೆ ಲೈಬ್ರರಿ ಇದ್ರೆ ಆಯ್ತು. ನನ್ನ ಮಟ್ಟಿಗೆ ಇದೇ ವಾಸಿ.

ಮೂಲ ಕೋಡ್‌ನಿಂದ ಕಟ್ಟೋ ಯೋಚನೆ ಇದ್ರೆ ಬಿಡಿ, ಸಿ++ನಲ್ಲಿ ಏನೂ ಬರೀತಿಲ್ಲವಲ್ಲ. ಹಳೇ ಬ್ಲಾಗ್‌ಗಳಲ್ಲಿರೋ ಆಟೋಜೆನ್, ಕಾನ್ಫಿಗರ್, ಮೇಕ್ ದಾರಿ 22ರಿಂದ ಮುಚ್ಚಿದೆ. ಈಗ ಸಿಮೇಕ್ ಇಲ್ಲವೇ ಬೇಝಲ್, ಜೊತೆಗೆ ಆಬ್ಸೇಲ್ ಲೈಬ್ರರಿ ಬೇಕು. 1 ಜಿಬಿ ರ‍್ಯಾಮ್ ಬೋರ್ಡ್ ಮೇಲೆ -ಜೆ4 ಕೊಟ್ರೆ "ಕಿಲ್ಡ್ ಸಿಗ್ನಲ್ ಟರ್ಮಿನೇಟೆಡ್" ಅಂತ ಅರ್ಧದಾರೀಲಿ ಕೈಬಿಡುತ್ತೆ.

---

ಬೈಟ್_ಬೆಲ್ಲ

ಮೂರು ಮತ್ತು ನಾಲ್ಕು ನನಗೆ ಬಿಡಿ.

ಮೂರನೇದು ಕನ್ನಡದ ತೊಂದರೆ. ಮ್ಯಾಕ್ಸ್_ಸೈಜ್ 24 ಅಂದ್ರೆ 24 ಅಕ್ಷರ ಅಲ್ಲ, 24 ಬೈಟ್. ಅದರಲ್ಲೂ ಕೊನೇ ಒಂದು ಬೈಟ್ ಸ್ಟ್ರಿಂಗ್ ಮುಗೀತು ಅನ್ನೋ ಸೊನ್ನೆಗೆ ಮೀಸಲು. ಉಳಿಯೋದು 23. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ ಒಂದೊಂದು ಗುಣಿತ ಚಿಹ್ನೆಗೂ ಮೂರು ಮೂರು ಬೈಟ್. ಎಣಿಸಿ:

ಕೋಲಾರ: ಕ, ಓತ್ವ, ಲ, ಇಳಿ, ರ. ಐದು, 15 ಬೈಟ್.
ಮಾಲೂರು: ಮ, ಇಳಿ, ಲ, ಕೊಂಬಿನ ದೀರ್ಘ, ರ, ಕೊಂಬು. ಆರು, 18 ಬೈಟ್.
ಚಿಂತಾಮಣಿ: ಚ, ಗುಡಿಸು, ಸೊನ್ನೆ, ತ, ಇಳಿ, ಮ, ಣ, ಗುಡಿಸು. ಎಂಟು, 24 ಬೈಟ್.
ಶಿಡ್ಲಘಟ್ಟ: ಒತ್ತಕ್ಷರದ ಹಲಂತಗಳೂ ಲೆಕ್ಕಕ್ಕೆ ಬರುತ್ತವೆ. ಒಂಬತ್ತು, 27 ಬೈಟ್.

ಚಿಂತಾಮಣಿಗೆ ಒಂದೇ ಒಂದು ಬೈಟ್ ಸಾಲಲಿಲ್ಲ. ನೋಡ್‌ನಲ್ಲಿ ಸ್ಟ್ರಿಂಗ್ ತುಂಬೋಕೆ ಎಸ್‌ಎನ್‌ಪ್ರಿಂಟ್‌ಎಫ್ ಅನ್ನೋ ಸಿ ಫಂಕ್ಷನ್ ಬಳಸಿರಬೇಕು. ಅದು 23ಕ್ಕೆ ಕತ್ತರಿಸಿ ಸೊನ್ನೆ ಇಟ್ಟಿದೆ. ಕೊನೇ ಗುಡಿಸಿನ ಮೂರು ಬೈಟ್‌ನಲ್ಲಿ ಎರಡು ಮಾತ್ರ ಹೋಗಿದೆ. ಪ್ರೋಟೋ3ಯಲ್ಲಿ ಸ್ಟ್ರಿಂಗ್ ಅಂದ್ಮೇಲೆ ಸರಿಯಾದ ಯುಟಿಎಫ್-8 ಆಗಿರಲೇಬೇಕು, ಇಲ್ಲದಿದ್ರೆ ಪೈಥಾನ್ ಆ ಫೀಲ್ಡ್ ಒಂದನ್ನೇ ಅಲ್ಲ, ಇಡೀ ಮೆಸೇಜ್ ಬಿಸಾಕುತ್ತೆ. ಎಸ್‌ಟಿಆರ್‌ಎನ್‌ಕಾಪಿ ಆಗಿದ್ರೆ ಸೊನ್ನೆಯೇ ಬೀಳ್ತಿರಲಿಲ್ಲ, ನ್ಯಾನೋಪಿಬಿ "ಅನ್‌ಟರ್ಮಿನೇಟೆಡ್ ಸ್ಟ್ರಿಂಗ್" ಅಂತ ನೋಡ್‌ನಲ್ಲೇ ಹೇಳಿಬಿಡ್ತಿತ್ತು. ಪಿಬಿ_ವ್ಯಾಲಿಡೇಟ್_ಯುಟಿಎಫ್8 ಅಂತ ಡಿಫೈನ್ ಮಾಡಿ ಫರ್ಮ್‌ವೇರ್ ಕಟ್ಟಿದ್ರೆ ಇಂಥ ತುಂಡು ಅಕ್ಷರವನ್ನೂ ನೋಡ್ ತಾನೇ ಹಿಡಿಯುತ್ತೆ.

ಮ್ಯಾಕ್ಸ್_ಸೈಜ್ 64 ಮಾಡಿದ್ರೆ ಇವತ್ತಿಗೆ ಸರಿಹೋಗುತ್ತೆ, ಆದ್ರೆ ಮಾಡಬೇಡಿ. "ಕೋ" ಅನ್ನೋದನ್ನ ಒಂದೇ ಓತ್ವವಾಗಿ ಇಡದೆ ಮೂರು ಚಿಹ್ನೆಯಾಗಿ ಬಿಡಿಸಿಟ್ರೆ ಅದೇ ಕೋಲಾರ 21 ಬೈಟ್ ಆಗುತ್ತೆ, ಪರದೆ ಮೇಲೆ ಎರಡೂ ಒಂದೇ ಥರ ಕಾಣುತ್ತೆ. ಈ ರಗಳೆ ನೋಡ್‌ನ ಹತ್ತಿರ ಬರಲೇಬಾರದು. ನೋಡ್ ನಂಬರ್ ಹೇಗೂ ಹೋಗ್ತಿದೆ; 17ನೇ ನೋಡ್ ಯಾವ ಊರು, ಯಾರ ಹುಳು ಮನೆ ಅನ್ನೋ ಪಟ್ಟಿ ಸರ್ವರ್‌ನಲ್ಲಿರಲಿ. ಊರು ಫೀಲ್ಡ್ ತೆಗೀರಿ.

ಹಾಗೇ ಆರ್‌ಎಸ್‌ಎಸ್‌ಐ. ಅದು ಯಾವಾಗಲೂ ಮೈನಸ್ ಅಂಕಿ. ಇಂಟ್32ರಲ್ಲಿ ಯಾವ ಮೈನಸ್ ಅಂಕಿ ಹಾಕಿದ್ರೂ 10 ಬೈಟ್ ತಿನ್ನುತ್ತೆ, ಟ್ಯಾಗ್ (ಫೀಲ್ಡ್ ನಂಬರ್ ಹೇಳೋ ಬೈಟ್) ಸೇರಿ 11. ಎಸ್‌ಇಂಟ್32 ಮಾಡಿ. ಅದು ಜಿಗ್‌ಜ್ಯಾಗ್ ಲೆಕ್ಕ: ಮೈನಸ್ 1ಕ್ಕೆ 1, 1ಕ್ಕೆ 2, ಮೈನಸ್ 2ಕ್ಕೆ 3. ಮೈನಸ್ 65 ಅಂದ್ರೆ 129, ಟ್ಯಾಗ್ ಸೇರಿ ಮೂರೇ ಬೈಟ್. ಆದ್ರೆ ನಂಬರ್ 4ನ್ನೇ ಇಟ್ಟುಕೊಂಡು ಟೈಪ್ ಬದಲಾಯಿಸಬೇಡಿ! ಹಳೇ ನೋಡ್ ಇಂಟ್32 ಅಂತ ಕಳಿಸಿದ ಮೈನಸ್ 65ನ್ನ ಹೊಸ ಸರ್ವರ್ ಎಸ್‌ಇಂಟ್32 ಅಂತ ಓದಿದ್ರೆ ಮೈನಸ್ 2147483616 ಬರುತ್ತೆ, ಎರರ್ ಬರಲ್ಲ. ಹೊಸ ನಂಬರ್ ಕೊಡಿ, ಹಳೇದಕ್ಕೆ ಬೀಗ ಹಾಕಿ:

ಮೆಸೇಜ್ ರೀಡಿಂಗ್ {
  ರಿಸರ್ವ್ಡ್ 4, 5;
  ಯುಇಂಟ್32 ನೋಡ್ = 1;
  ಆಪ್ಷನಲ್ ಇಂಟ್32 ಟೆಂಪ್ = 2;
  ಆಪ್ಷನಲ್ ಯುಇಂಟ್32 ಹಮ್ = 3;
  ಫಿಕ್ಸೆಡ್32 ಸಮಯ = 6;
  ಎಸ್‌ಇಂಟ್32 ಸಿಗ್ನಲ್ = 7;
}

ಸಮಯ ಸೇರಿಸಿದ್ದು ನಾಲ್ಕನೇ ಸಮಸ್ಯೆಗಾಗಿ. ತಡವಾಗಿ ಬರೋ ರೀಡಿಂಗ್‌ಗೆ ಯಾವಾಗಿನದು ಅಂತ ಗುರುತು ಬೇಕಲ್ಲ. 1970ರಿಂದ ಎಣಿಸೋ ಸೆಕೆಂಡ್ ಈಗ ಎಷ್ಟು ದೊಡ್ಡ ಅಂಕಿ ಅಂದ್ರೆ ಯುಇಂಟ್32ಕ್ಕೆ 5 ಬೈಟ್ ಆಗುತ್ತೆ, ಫಿಕ್ಸೆಡ್32ಕ್ಕೆ 4.

ಸಮಯ ಬಿಟ್ಟು ಉಳಿದ ನಾಲ್ಕು ಅಂಕಿ (ನೋಡ್ 17, 27.5 ಡಿಗ್ರಿ, ತೇವಾಂಶ 86, ಸಿಗ್ನಲ್ ಮೈನಸ್ 65) ತಂತಿ ಮೇಲೆ ಹೀಗೆ ಕಾಣಬೇಕು, ಹದಿನಾರರ ಲೆಕ್ಕದಲ್ಲಿ:

08 11 10 93 02 18 56 38 81 01

ಹತ್ತು ಬೈಟ್. 08 ಅಂದ್ರೆ ಫೀಲ್ಡ್ 1, 10 ಅಂದ್ರೆ ಫೀಲ್ಡ್ 2, 18 ಅಂದ್ರೆ 3, 38 ಅಂದ್ರೆ 7. ಫೀಲ್ಡ್ ನಂಬರನ್ನ ಎಂಟರಿಂದ ಗುಣಿಸಿ ಟೈಪ್ ಅಂಕಿ ಕೂಡಿದ್ದು, ಅಷ್ಟೇ. ಇದೇ ನಾಲ್ಕು ಅಂಕಿ ಜೇಸನ್‌ನಲ್ಲಿ ನೋಡ್, ಟೆಂಪ್, ಹಮ್, ಆರ್‌ಎಸ್‌ಎಸ್‌ಐ ಅಂತ ಇಂಗ್ಲಿಷ್ ಹೆಸರು ಹಾಕಿ ಖಾಲಿ ಜಾಗ ಬಿಡದೆ ಬರೆದ್ರೂ 43 ಬೈಟ್. ಫೀಲ್ಡ್‌ನ ಹೆಸರು ತಂತಿ ಮೇಲೆ ಹೋಗೋದೇ ಇಲ್ಲ. ಅದಕ್ಕೇ ಹೆಸರು ಎಷ್ಟು ಸಲ ಬೇಕಾದ್ರೂ ಬದಲಾಯಿಸಿ, ನಂಬರ್ ಮುಟ್ಟಬೇಡಿ. 1ರಿಂದ 15ರವರೆಗಿನ ನಂಬರ್‌ಗೆ ಟ್ಯಾಗ್ ಒಂದು ಬೈಟ್, 16ರಿಂದ ಎರಡು.

ನಾಲ್ಕನೇದು. ಪ್ರೋಟೋಬಫ್ ಮೆಸೇಜ್‌ಗೆ ಆದಿ ಅಂತ್ಯದ ಗುರುತು ಇಲ್ಲ. ಎರಡು ಮೆಸೇಜ್ ಬೆನ್ನಿಗೆ ಬೆನ್ನು ಅಂಟಿಸಿದ್ರೆ ಓದುವವನಿಗೆ ಅದು ಒಂದೇ ಮೆಸೇಜ್; ಒಂದೇ ಫೀಲ್ಡ್ ಎರಡು ಸಲ ಬಂದ್ರೆ ಕೊನೇದೇ ನಿಲ್ಲೋದು. ನಿಯಮವೇ ಹಾಗೆ, ಅದಕ್ಕೇ ಎರರ್ ಬರಲಿಲ್ಲ. ಗೇಟ್‌ವೇ ಪ್ರತಿ ಮೆಸೇಜ್ ಮುಂದೆ ಅದರ ಉದ್ದ ಬರೆದು ಆಮೇಲೆ ಮೆಸೇಜ್ ಬರೀಲಿ. ಉದ್ದವನ್ನ ವೇರಿಂಟ್ (ಅಂಕಿ ಚಿಕ್ಕದಿದ್ರೆ ಕಡಿಮೆ ಬೈಟ್ ಹಿಡಿಯೋ ರೀತಿ) ಆಗಿ ಬರೆಯೋದು ರೂಢಿ. 127ರವರೆಗೆ ಅದು ಒಂದೇ ಬೈಟ್, ನಿಮ್ಮ 15 ಬೈಟ್ ಮೆಸೇಜ್‌ಗೆ ಧಾರಾಳ. ಓದುವಾಗ ಉದ್ದ 15 ಅಂದು ಫೈಲಲ್ಲಿ 9 ಬೈಟೇ ಉಳಿದಿದ್ರೆ ಕರೆಂಟ್ ಹೋದಾಗ ಅರ್ಧ ಬರೆದದ್ದು ಅಂತ ತಿಳಿದು ಅಲ್ಲಿಗೆ ನಿಲ್ಲಿಸಿ.

ಇನ್ನೊಂದು, ನೀವು ಕೇಳಿಲ್ಲ, ಆದ್ರೆ ನಾಳೆ ಕೇಳ್ತೀರ. ನ್ಯಾನೋಪಿಬಿಯಲ್ಲಿ ಆಪ್ಷನಲ್ ಫೀಲ್ಡ್‌ಗೆ ಬೆಲೆ ಹಾಕಿದ್ರೆ ಸಾಲದು, ಹ್ಯಾಸ್_ಟೆಂಪ್ = ಟ್ರೂ ಅಂತಾನೂ ಹಾಕಬೇಕು. ಮರೆತ್ರೆ ಆ ಫೀಲ್ಡ್ ಹೋಗಲ್ಲ, ಎನ್‌ಕೋಡ್ ಮಾತ್ರ ಸರಿಯಾಗೇ ಆಯ್ತು ಅನ್ನುತ್ತೆ. ಸೆನ್ಸರ್ ಓದೋಕೆ ಆಗದಿದ್ದಾಗ ಫಾಲ್ಸ್ ಬಿಡಿ, ಸರ್ವರ್‌ನಲ್ಲಿ ಹ್ಯಾಸ್‌ಫೀಲ್ಡ್ ಕೇಳಿ. ಆಪ್ಷನಲ್ ಇಲ್ಲದಿದ್ರೆ ಸೊನ್ನೆ ಡಿಗ್ರಿಗೂ ಸತ್ತ ಸೆನ್ಸರ್‌ಗೂ ವ್ಯತ್ಯಾಸ ಗೊತ್ತಾಗಲ್ಲ, ಯಾಕಂದ್ರೆ ಪ್ರೋಟೋ3 ಸೊನ್ನೆಯನ್ನ ಕಳಿಸೋದೇ ಇಲ್ಲ.

---

ಕೋಲಾರ_ಬಿಲ್ಡ್

ತುಮಕೂರ್_ಟರ್ಮಿನಲ್ ಹೇಳಿದ್ದರಲ್ಲಿ ಒಂದು ತಿದ್ದುಪಡಿ. 29.3 ಬೇಡ, 29.5 ಹಾಕಿ, ಪೈಥಾನ್ 5.29.5, ಅಥವಾ ಅದೇ ಸಾಲಿನಲ್ಲಿ ಅದಕ್ಕಿಂತ ಹೊಸದು. ಸಿವಿಇ-2025-4565 ಅಂತ ಸುರಕ್ಷತೆಯ ಒಂದು ತೂತು ಇದೆ: ಒಂದರೊಳಗೊಂದು ಆಳವಾಗಿ ಹೊಕ್ಕ ಮೆಸೇಜ್ ಕಳಿಸಿದ್ರೆ ಶುದ್ಧ ಪೈಥಾನ್ ಎಂಜಿನ್ ರಿಕರ್ಷನ್ ಮಿತಿ ದಾಟಿ ಬೀಳುತ್ತೆ. ಮುಚ್ಚಿದ್ದು 4.25.8, 5.29.5, 6.31.1ರಲ್ಲಿ. ಯುಪಿಬಿ ಎಂಜಿನ್‌ಗೆ ಇದು ತಟ್ಟಲ್ಲ. ಆದ್ರೆ ನೀವು ಇಟ್ಟಿದ್ದೀರಲ್ಲ ಆ ಎನ್ವಿರಾನ್‌ಮೆಂಟ್ ವೇರಿಯಬಲ್, ಅದು ನೇರ ಆ ತೂತಿಗೇ ಕರ್ಕೊಂಡು ಹೋಗುತ್ತೆ. ಯಾವ ಎಂಜಿನ್ ಓಡ್ತಿದೆ ಅಂತ ನೋಡೋಕೆ ಗೂಗಲ್.ಪ್ರೋಟೋಬಫ್.ಇಂಟರ್ನಲ್‌ನಿಂದ ಎಪಿಐ_ಇಂಪ್ಲಿಮೆಂಟೇಷನ್ ಇಂಪೋರ್ಟ್ ಮಾಡಿ ಅದರ ಟೈಪ್() ಪ್ರಿಂಟ್ ಮಾಡಿ. ಯುಪಿಬಿ ಬರಬೇಕು. ಪೈಥಾನ್ ಬಂದ್ರೆ ವೇರಿಯಬಲ್ ಇನ್ನೂ ಎಲ್ಲೋ ಉಳಿದಿದೆ, ಸರ್ವಿಸ್ ಫೈಲಲ್ಲಿ ಹುಡುಕಿ.

---

ಹುಳುಮನೆ_ಶಿಡ್ಲಘಟ್ಟ

ಸರ್ವರ್‌ನಲ್ಲಿ 29.5, 5.29.5 ಎರಡೂ ಆಯ್ತು, ಎಂಜಿನ್ ಯುಪಿಬಿ ಅಂತಾನೇ ಬಂತು. ಊರು ಫೀಲ್ಡ್ ತೆಗೆದ ಫರ್ಮ್‌ವೇರ್‌ನಿಂದ ಚಿಂತಾಮಣಿ ನೋಡ್ ಓದಿಕೊಳ್ತಿದೆ. ಪೈನಲ್ಲಿ ಕಂಪೈಲರ್ ಹಾಕದೆ _ಪಿಬಿ2 ಫೈಲ್ ಕಾಪಿ ಮಾಡಿದ್ವಿ. ಕೈಯಿಂದ ಓಡಿಸಿದ್ರೆ ಸರಿ. ಸಿಸ್ಟಂಡಿ ಸರ್ವಿಸ್ ಆಗಿ ಶುರು ಮಾಡಿದ್ರೆ "ಕೆನಾಟ್ ಇಂಪೋರ್ಟ್ ನೇಮ್ ರನ್‌ಟೈಮ್_ವರ್ಷನ್" ಅಂತ ಇಂಪೋರ್ಟ್‌ಎರರ್. ವೆನ್ವ್‌ನಲ್ಲಿ 5.29.5 ಇರೋದನ್ನ ನೋಡಿದ್ದೀನಿ.

ಇನ್ನೊಂದು ಪ್ರಶ್ನೆ: ಎಲ್ಲಾ ನೋಡ್‌ಗೂ ಒಂದೇ ದಿನ ಹೊಸ ಫರ್ಮ್‌ವೇರ್ ಹಾಕೋಕೆ ಆಗಲ್ಲ. ಹುಳು ಜ್ವರಕ್ಕೆ ಕೂತಾಗ (ಪೊರೆ ಬಿಡೋವಾಗ), ಹಣ್ಣಾದ ಹುಳು ಚಂದ್ರಿಕೆಗೆ (ಗೂಡು ಕಟ್ಟೋ ತಟ್ಟೆ) ಹಾಕೋವಾಗ ಮನೆಯೊಳಗೆ ಹೋಗೋ ಹಾಗಿಲ್ಲ. ಯಾವ ಕ್ರಮದಲ್ಲಿ ಬದಲಾಯಿಸಬೇಕು?

---

ತುಮಕೂರ್_ಟರ್ಮಿನಲ್

ಸರ್ವಿಸ್ ಫೈಲಲ್ಲಿ ಎಕ್ಸೆಕ್‌ಸ್ಟಾರ್ಟ್ ಸಾಲು ನೋಡಿ, /ಯುಎಸ್ಆರ್/ಬಿನ್/ಪೈಥಾನ್3 ಅಂತ ಇರುತ್ತೆ. ಅದು ವೆನ್ವ್ ಕಡೆ ತಿರುಗಿಯೂ ನೋಡಲ್ಲ, ಬುಕ್‌ವರ್ಮ್ ಜೊತೆ ಬಂದ ಸಿಸ್ಟಂ ಲೈಬ್ರರಿ ಎತ್ತಿಕೊಳ್ಳುತ್ತೆ. ಆ ಹಳೇ ಲೈಬ್ರರಿಯಲ್ಲಿ ರನ್‌ಟೈಮ್_ವರ್ಷನ್ ಅನ್ನೋ ಮಾಡ್ಯೂಲೇ ಇಲ್ಲ. ಲೈಬ್ರರಿ ಸ್ವಲ್ಪ ಮಾತ್ರ ಹಳೇದಾಗಿದ್ದು ಆ ಮಾಡ್ಯೂಲ್ ಇದ್ರೆ "ಇನ್‌ಕಂಪಾಟಿಬಲ್ ಜೆನ್‌ಕೋಡ್/ರನ್‌ಟೈಮ್" ಅಂತ ನೆಟ್ಟಗೆ ಹೇಳ್ತಿತ್ತು. ಎಕ್ಸೆಕ್‌ಸ್ಟಾರ್ಟ್‌ನಲ್ಲಿ ವೆನ್ವ್ ಒಳಗಿನ ಬಿನ್/ಪೈಥಾನ್‌ನ ಪೂರ್ತಿ ದಾರಿ ಕೊಡಿ, ಡೀಮನ್-ರೀಲೋಡ್, ರೀಸ್ಟಾರ್ಟ್. ಆಕ್ಟಿವೇಟ್ ಸ್ಕ್ರಿಪ್ಟ್ ಬೇಕಾಗಿಲ್ಲ.

---

ಕೋಲಾರ_ಬಿಲ್ಡ್

ಕ್ರಮ ಕೇಳಿದ್ರಲ್ಲ: ಓದುವವರು ಮೊದಲು, ಬರೆಯುವವರು ಆಮೇಲೆ. ಸರ್ವರ್, ಆಮೇಲೆ ಗೇಟ್‌ವೇ, ಕೊನೆಗೆ ನೋಡ್‌ಗಳು, ಬೆಳೆ ಮುಗಿದು ಹುಳು ಮನೆ ತೊಳೆದು ಔಷಧಿ ಹೊಡೆಯೋ ಬಿಡುವಿನಲ್ಲಿ ಒಂದೊಂದಾಗಿ. ಹಳೇ ನೋಡ್ 4, 5ನೇ ಫೀಲ್ಡ್ ಕಳಿಸಿದ್ರೆ ಹೊಸ ಸರ್ವರ್‌ಗೆ ಅವು ಪರಿಚಯ ಇಲ್ಲದ ಫೀಲ್ಡ್, ಪಕ್ಕಕ್ಕಿಟ್ಟು ಮುಂದೆ ಹೋಗುತ್ತೆ. ಆ ತುಂಡಾದ ಚಿಂತಾಮಣಿಯೂ ಆಗ ತೊಂದರೆ ಕೊಡಲ್ಲ, ಸ್ಟ್ರಿಂಗ್ ಅಂತ ಗೊತ್ತಿಲ್ಲದ ಮೇಲೆ ಯುಟಿಎಫ್-8 ಪರೀಕ್ಷೆಯೂ ಇಲ್ಲ. ಹಳೇ ನೋಡ್‌ನ ಸಿಗ್ನಲ್ ಮಾತ್ರ ಕಾಣಲ್ಲ. ಅದು ಬೇಕೇಬೇಕು ಅಂದ್ರೆ 4ನ್ನ ರಿಸರ್ವ್ಡ್ ಮಾಡದೆ, ಎಲ್ಲಾ ನೋಡ್ ಬದಲಾಗೋವರೆಗೆ ಡೆಪ್ರಿಕೇಟೆಡ್ ಅಂತ ಗುರುತು ಹಾಕಿ ಇಟ್ಟುಕೊಳ್ಳಿ.

ನಿರ್ವಹಣೆಗೆ: ಪ್ರೋಟೋ ಫೈಲ್ ಒಂದೇ ರೆಪೊದಲ್ಲಿರಲಿ. ಫರ್ಮ್‌ವೇರ್‌ಗೊಂದು ಕಾಪಿ, ಸರ್ವರ್‌ಗೊಂದು ಕಾಪಿ ಇದ್ರೆ ಯಾವತ್ತೋ ಒಂದು ದಿನ ಒಬ್ಬರು 8ನ್ನ ಬ್ಯಾಟರಿಗೆ, ಇನ್ನೊಬ್ಬರು 8ನ್ನ ಬೆಳಕಿಗೆ ಕೊಟ್ಟಿರ್ತಾರೆ. ರಿಕ್ವೈರ್‌ಮೆಂಟ್ಸ್ ಫೈಲಲ್ಲಿ ಪ್ರೋಟೋಬಫ್>=5.29.5,<6 ಅಂತ ಕಟ್ಟಿಹಾಕಿ. ಬರೀ ಹೆಸರು ಬರೆದು ಬಿಟ್ರೆ ಮುಂದಿನ ಇನ್‌ಸ್ಟಾಲ್‌ನಲ್ಲಿ ಹೊಸ ಮೇಜರ್ ಬಂದು ಕೂರುತ್ತೆ. ಹುಟ್ಟಿಸಿದ ಕೋಡ್ ಕಮಿಟ್ ಮಾಡೋದಾದ್ರೆ ಸಿಐನಲ್ಲಿ (ಕಮಿಟ್ ಆದಾಗ ತಾನೇ ಓಡೋ ಪರೀಕ್ಷೆ) ಮತ್ತೆ ಹುಟ್ಟಿಸಿ ಗಿಟ್ ಡಿಫ್ --ಎಕ್ಸಿಟ್-ಕೋಡ್ ಕೊಡಿ. ವ್ಯತ್ಯಾಸ ಇದ್ರೆ ಯಾರೋ ಬೇರೆ ವರ್ಷನ್‌ನಲ್ಲಿ ಹುಟ್ಟಿಸಿದ್ದಾರೆ. ಬಫ್ ಅನ್ನೋ ಟೂಲ್ ಹಾಕ್ಕೊಂಡು ಬಫ್ ಬ್ರೇಕಿಂಗ್ ಕಮಾಂಡನ್ನ ಮೇನ್ ಬ್ರಾಂಚ್ ವಿರುದ್ಧ ಓಡಿಸಿದ್ರೆ, ನಂಬರ್ ಬದಲಾಯಿಸಿದ್ದು, ಟೈಪ್ ಬದಲಾಯಿಸಿದ್ದು ಮರ್ಜ್ ಆಗೋ ಮೊದಲೇ ಸಿಗುತ್ತೆ. ನ್ಯಾನೋಪಿಬಿ ಜನರೇಟರ್‌ಗೂ ಪೈಥಾನ್ ಪ್ರೋಟೋಬಫ್ ಬೇಕು, ಅದಕ್ಕೆ ಬೇರೆಯದೇ ವೆನ್ವ್ ಕೊಡಿ, ಸರ್ವರ್‌ನದರ ಜೊತೆ ಕಲಸಬೇಡಿ.

---

ಸುಮ್ನೆ_ಸಿಬಾರ್

ನಾಲ್ಕು ಅಂಕಿಗೆ ಇಷ್ಟೆಲ್ಲ ಸರ್ಕಸ್ ಯಾಕ್ರೀ? ಸಿಬಾರ್ (ಸ್ಕೀಮಾ ಬೇಡದ, ಜೇಸನ್ ಥರದ ಬೈನರಿ ರೀತಿ) ಹಾಕಿ. ಕಂಪೈಲರ್ ಇಲ್ಲ, ಹುಟ್ಟಿಸೋ ಕೋಡ್ ಇಲ್ಲ, ವರ್ಷನ್ ಜಗಳ ಇಲ್ಲ. ಹೆಸರಿನ ಬದಲು ಅಂಕಿಯನ್ನೇ ಕೀ ಮಾಡಿದ್ರೆ ಅದೇ ನಾಲ್ಕು ರೀಡಿಂಗ್ 13 ಬೈಟ್. ಮೂರು ಬೈಟ್ ಉಳಿಸೋಕೆ ಇಷ್ಟು ಕಷ್ಟಾನಾ?

---

ಬೈಟ್_ಬೆಲ್ಲ

13 ಸರಿ, ನಾನೂ ಎಣಿಸಿದೆ. ಒಬ್ಬರೇ ನೋಡ್ ಕೋಡೂ ಸರ್ವರ್ ಕೋಡೂ ಬರೆಯೋದಾದ್ರೆ ಸಿಬಾರ್ ಸಾಕು, ವಾದ ಇಲ್ಲ. ಇಲ್ಲಿ ಇಬ್ಬರು ಮೂವರು ಬೇರೆ ಬೇರೆ ಕೂತು ಬರೀತಿದ್ದಾರೆ. 7 ಅಂದ್ರೆ ಸಿಗ್ನಲ್ ಅನ್ನೋದು ಎಲ್ಲರೂ ನೋಡೋ ಒಂದು ಫೈಲಲ್ಲಿ ಇರಬೇಕು, ತಪ್ಪಿದ್ರೆ ಟೂಲ್ ಬೈಬೇಕು. ಸಿಬಾರ್‌ನಲ್ಲಿ ಅದನ್ನ ನೀವೇ ಕಟ್ಟಿಕೊಳ್ಳಬೇಕು.

ಆದ್ರೆ ನಿಮ್ಮ ಮಾತಲ್ಲಿ ಒಂದು ನಿಜ ಇದೆ. ನೋಡ್ ಪ್ರತಿ ರೀಡಿಂಗ್‌ಗೂ ಕನೆಕ್ಷನ್ ಕಡಿದು ಟಿಎಲ್‌ಎಸ್ (ಗುಪ್ತವಾಗಿ ಮಾತಾಡೋ ಕನೆಕ್ಷನ್) ಹೊಸದಾಗಿ ಶುರು ಮಾಡ್ತಿದ್ರೆ, ಸರ್ಟಿಫಿಕೇಟ್ ಸೇರಿ ಕಿಲೋಬೈಟ್‌ಗಟ್ಟಲೆ ಹೋಗುತ್ತೆ. ಆಗ 43ನ್ನ 10 ಮಾಡಿದ್ದು ಹೊಳೇಲಿ ಹುಣಸೇಹಣ್ಣು ತೊಳೆದ ಹಾಗೆ. ಸಿಮ್ ಡೇಟಾ ಉಳಿಸೋದೇ ಗುರಿ ಆದ್ರೆ ಕನೆಕ್ಷನ್ ಹಿಡಿದಿಟ್ಟುಕೊಳ್ಳಿ, ಇಲ್ಲ ಹತ್ತಾರು ರೀಡಿಂಗ್ ಒಟ್ಟಿಗೆ ರಿಪೀಟೆಡ್ ಫೀಲ್ಡ್‌ನಲ್ಲಿ ಕಳಿಸಿ.

---

ಹುಳುಮನೆ_ಶಿಡ್ಲಘಟ್ಟ

ಎಕ್ಸೆಕ್‌ಸ್ಟಾರ್ಟ್ ಬದಲಾಯಿಸಿದ್ಮೇಲೆ ಪೈ ಸರ್ವಿಸ್ ಓಡ್ತಿದೆ. ಉದ್ದ ಬರೆದು ಫೈಲ್‌ಗೆ ಹಾಕಿದ ರೀಡಿಂಗ್‌ಗಳೆಲ್ಲ ಬಿಡಿಬಿಡಿಯಾಗಿ ಬರ್ತಿವೆ. ಕೊನೇ ಅನುಮಾನ: ಸಮಯ ಇಲ್ಲದ ಪರೀಕ್ಷೆ ಮೆಸೇಜ್ ಒಂದನ್ನ ಪ್ರೋಟೋಸಿ --ಡಿಕೋಡ್_ರಾಗೆ ಕೊಟ್ಟು ನೋಡಿದ್ರೆ ಹೀಗೆ ಬರುತ್ತೆ:

1: 17
2: 275
3: 86
7: 129

ಏಳನೇದು ಮೈನಸ್ 65 ಬರಬೇಕಿತ್ತಲ್ಲ?

---

ಬೈಟ್_ಬೆಲ್ಲ

ಸರಿಯಾಗೇ ಇದೆ. ಡಿಕೋಡ್_ರಾ ಸ್ಕೀಮಾ ನೋಡಲ್ಲ, ಅದಕ್ಕೆ ಜಿಗ್‌ಜ್ಯಾಗ್ ಅಂತ ಗೊತ್ತಾಗಲ್ಲ. 129 ಬೆಸ ಸಂಖ್ಯೆ, ಅಂದ್ರೆ ಮೈನಸ್. ಒಂದು ಕೂಡಿ ಅರ್ಧ ಮಾಡಿ, 65. ಬದಲಿಗೆ --ಡಿಕೋಡ್=ರೀಡಿಂಗ್ ಅಂತ ಮೆಸೇಜ್ ಹೆಸರು, ಜೊತೆಗೆ ಪ್ರೋಟೋ ಫೈಲ್ ಕೊಟ್ರೆ ಮೈನಸ್ 65 ಅಂತಾನೇ ತೋರಿಸುತ್ತೆ. ಉದ್ದದ ಬೈಟ್ ಮುಂದೆ ಅಂಟಿಸಿರೋ ಗೇಟ್‌ವೇ ಫೈಲನ್ನ ಮಾತ್ರ ನೇರ ಇದಕ್ಕೆ ಕೊಡಬೇಡಿ. ಉದ್ದದ ಬೈಟನ್ನೇ ಟ್ಯಾಗ್ ಅಂದ್ಕೊಂಡು ಮೊದಲ ಬೈಟಲ್ಲೇ ದಾರಿ ತಪ್ಪುತ್ತೆ.